ವಿಡಿಯೊ ಮಾಡೋದನ್ನು ಎಲ್ಲಿ ಕಲಿಯೋದು? ನಾನು ಹಿಡಿದು ನೋಡಿದ ನಾಲ್ಕು ದಾರಿ

ಹೊಲಿಗೆ ನನಗೆ ಇಪ್ಪತ್ತು ವರ್ಷದ ಕೈ ಕೆಲಸ. ಹೊಲಿಯುವುದನ್ನು ವಿಡಿಯೊ ಮಾಡಿ ತೋರಿಸಲು ಶುರು ಮಾಡಿದ್ದು ಮಾತ್ರ ಈಚೆಗೆ. ಕಿತ್ತುಹೋದ ಗುಂಡಿ ಹಾಕುವುದು, ಕೆಟ್ಟ ಜಿಪ್ ಬದಲಿಸುವುದು, ಉದ್ದವಾದ ಪ್ಯಾಂಟಿನ ಅಂಚು ಮಡಚಿ ಹೊಲಿಯುವುದು, ಇಂಥವನ್ನು ಮೊದಲ ಸಲ ಸೂಜಿ ಹಿಡಿಯುವವರಿಗೆ ಹೇಳಿಕೊಡುವ ಸಣ್ಣ ಚಾನೆಲ್ ನನ್ನದು. ವಿಡಿಯೊ ಮಾಡುವ ಕೆಲಸ ಕಲಿಯಲು ನಾಲ್ಕು ದಾರಿ ಹಿಡಿದೆ. ಮೊದಲು ಒಬ್ಬಳೇ ಕೂತು ಯೂಟ್ಯೂಬ್ ನೋಡಿ ಕಲಿತೆ. ಆಮೇಲೆ ದುಡ್ಡು ಕಟ್ಟಿ, ರೆಕಾರ್ಡ್ ಮಾಡಿಟ್ಟ ಪಾಠಗಳ ಕೋರ್ಸ್ ಸೇರಿದೆ. ನಂತರ ಹತ್ತಿರದಲ್ಲೇ ತಿಂಗಳಿಗೊಮ್ಮೆ ನಡೆಯುವ ಮೀಟಪ್‌ಗೆ ಹೋದೆ, ಅಲ್ಲಿ ಒಬ್ಬರು ವೇದಿಕೆ ಮೇಲೆ ಮಾತಾಡುತ್ತಾರೆ, ಉಳಿದವರು ಕೇಳುತ್ತಾರೆ. ಕೊನೆಗೆ ಎಂಟೊಂಬತ್ತು ಜನ ಒಂದು ಮೇಜಿನ ಸುತ್ತ ಕೂತು ಅವರವರ ವಿಡಿಯೊ ಎಲ್ಲರ ಮುಂದಿಡುವ ಗುಂಪೊಂದು ಸಿಕ್ಕಿತು.

ಯಾವುದು ಒಳ್ಳೆಯದು ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಆ ಮೇಜಿನಷ್ಟು ಬೇರೆ ಯಾವುದೂ ನನಗೆ ಕಲಿಸಲಿಲ್ಲ. ಆದರೆ ಉಳಿದ ಮೂರೂ ಬೇಡ ಅನ್ನುವ ಹಾಗೂ ಇಲ್ಲ.

ಒಬ್ಬಳೇ ಕಲಿತ ನಾಲ್ಕು ತಿಂಗಳಲ್ಲಿ ಫೋನ್ ಕ್ಯಾಮೆರಾದ ಸೆಟ್ಟಿಂಗ್ ಎಲ್ಲ ಕೈಗೆ ಬಂತು. ಬಿಳಿ ಬಟ್ಟೆ ಆಚೀಚೆ ಸರಿಸಿದಾಗಲೆಲ್ಲ ಚಿತ್ರ ಒಮ್ಮೆ ಕಪ್ಪಾಗಿ ಒಮ್ಮೆ ಬೆಳ್ಳಗಾಗುತ್ತಿತ್ತು. ಪರದೆ ಮೇಲೆ ಬೆರಳಿಟ್ಟು ಒತ್ತಿ ಹಿಡಿದರೆ ಫೋಕಸ್ಸೂ ಬೆಳಕಿನ ಅಳತೆಯೂ ಲಾಕ್ ಆಗುತ್ತವೆ ಅನ್ನುವುದನ್ನು ಒಂದು ಚಿಕ್ಕ ವಿಡಿಯೊ ಹೇಳಿಕೊಟ್ಟಿತು, ಅಂದಿಗೆ ಆ ತೊಂದರೆ ಮುಗಿಯಿತು. ಇಂಥ ಕೆಲಸಕ್ಕೆ ಯೂಟ್ಯೂಬನ್ನು ಮೀರಿಸುವ ಗುರು ಇಲ್ಲ. ನಿಲ್ಲಿಸಬಹುದು, ಹಿಂದಕ್ಕೆ ಹೋಗಬಹುದು, ಹತ್ತು ಸಲ ನೋಡಬಹುದು, ಯಾರೂ ಬೇಸರಪಡುವುದಿಲ್ಲ.

ಕಷ್ಟ ಎಲ್ಲಿ ಅಂದರೆ, ಹುಡುಕಬೇಕಾದ್ದರ ಹೆಸರು ಗೊತ್ತಿರಬೇಕು. ನನ್ನ ವಿಡಿಯೊದಲ್ಲಿ ಮಷಿನ್ ಮೇಲೆ ಕಪ್ಪು ಪಟ್ಟಿಗಳು ಓಡುತ್ತಿದ್ದವು. ಏನೆಂದು ಟೈಪ್ ಮಾಡಲಿ? "ವಿಡಿಯೊದಲ್ಲಿ ಗೆರೆ", "ಲೈಟ್ ನಡುಗುತ್ತೆ" ಅಂತೆಲ್ಲ ಹುಡುಕಿ ಒಂದು ತಿಂಗಳು ಕಳೆದೆ. ಅದಕ್ಕೆ ಫ್ಲಿಕರ್ ಅನ್ನುತ್ತಾರೆ ಅಂತ ತಿಳಿದ ಮೇಲೆ ಐದೇ ನಿಮಿಷದ ಕೆಲಸ. ಕರೆಂಟು 50 ಹರ್ಟ್ಸ್ ಇರುವ ಕಡೆ ಅನೇಕ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ನಮ್ಮ ಕಣ್ಣಿಗೆ ಅದು ಕಾಣದು, ಕ್ಯಾಮೆರಾಗೆ ಕಾಣುತ್ತದೆ. ಶಟರ್ ವೇಗವನ್ನು, ಅಂದರೆ ಒಂದೊಂದು ಚಿತ್ರಕ್ಕೆ ಕ್ಯಾಮೆರಾ ಬೆಳಕು ಹಿಡಿಯುವ ಹೊತ್ತನ್ನು, ಸೆಕೆಂಡಿನ 1/50 ಅಥವಾ 1/100ಕ್ಕೆ ಇಟ್ಟರೆ ಪಟ್ಟಿ ಮಾಯ. 60 ಹರ್ಟ್ಸ್ ಇರುವ ಕಡೆ 1/60 ಅಥವಾ 1/120. ಪಕ್ಕದಲ್ಲಿ ಗೊತ್ತಿದ್ದವರು ಒಬ್ಬರು ಕೂತಿದ್ದರೆ ಆ ತಿಂಗಳು ಉಳಿಯುತ್ತಿತ್ತು ಅಂತ ಈಗಲೂ ಅನ್ನಿಸುತ್ತದೆ.

ಕೋರ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಾಠಗಳಿಗೆ ಒಂದು ಕ್ರಮ ಇತ್ತು, ಮೊದಲು ಇದು ಆಮೇಲೆ ಅದು ಅನ್ನುವ ಗೊಂದಲ ಇರಲಿಲ್ಲ. ಎಡಿಟಿಂಗ್ ಭಾಗ ನಿಜಕ್ಕೂ ಚೆನ್ನಾಗಿತ್ತು. ಮುಂದಿನ ದೃಶ್ಯದ ಸದ್ದನ್ನು ಚಿತ್ರಕ್ಕಿಂತ ಒಂದು ಕ್ಷಣ ಮೊದಲೇ ಕೇಳಿಸುವುದಕ್ಕೆ ಜೆ-ಕಟ್ ಅನ್ನುತ್ತಾರೆ, ಅದನ್ನು ಕಲಿತದ್ದು ಅಲ್ಲೇ. ನಾನು ಬಟ್ಟೆಗೆ ಪಿನ್ ಚುಚ್ಚುತ್ತಿರುವಾಗಲೇ ಮಷಿನ್ ಸದ್ದು ಶುರುವಾಗಿ, ಆಮೇಲೆ ಮಷಿನ್ ಕಾಣಿಸುತ್ತದೆ. ಇಷ್ಟು ಮಾಡಿದ್ದಕ್ಕೇ ನನ್ನ ವಿಡಿಯೊದ ತುಂಡುಗಳು ಒಂದಕ್ಕೊಂದು ಕೂಡಿಕೊಂಡವು.

ಆದರೆ ರೆಕಾರ್ಡ್ ಆದ ಪಾಠಕ್ಕೆ ವಯಸ್ಸಾಗುತ್ತದೆ. ಯೂಟ್ಯೂಬ್ ಶಾರ್ಟ್ಸ್ 60 ಸೆಕೆಂಡ್ ದಾಟಬಾರದು ಅಂತ ಕೋರ್ಸ್ ಹೇಳುತ್ತಿತ್ತು. 2024ರ ಅಕ್ಟೋಬರ್ 15ರಿಂದ ಆ ಮಿತಿ ಮೂರು ನಿಮಿಷಕ್ಕೆ ಏರಿತ್ತು. ಥಂಬ್‌ನೇಲ್, ಅಂದರೆ ವಿಡಿಯೊ ತೆರೆಯುವ ಮೊದಲು ಕಾಣುವ ಚಿಕ್ಕ ಚಿತ್ರ, ನೋಡಿದ ನೂರು ಜನರಲ್ಲಿ ಹತ್ತಕ್ಕಿಂತ ಹೆಚ್ಚು ಮಂದಿ ಒತ್ತದಿದ್ದರೆ ಆ ವಿಡಿಯೊ ಸೋತಂತೆ ಅಂತಲೂ ಹೇಳಿಕೊಟ್ಟರು. ನನ್ನದು 4ರ ಸುತ್ತ ಇತ್ತು, ವಾರಗಟ್ಟಲೆ ಕೊರಗಿದೆ. ಅರ್ಧದಷ್ಟು ಚಾನೆಲ್‌ಗಳ ಲೆಕ್ಕ ಶೇ 2ರಿಂದ 10ರ ಒಳಗೇ ಇರುತ್ತದೆ ಅಂತ ಯೂಟ್ಯೂಬೇ ತನ್ನ ಸಹಾಯ ಪುಟದಲ್ಲಿ ಬರೆದಿದೆ. ಪ್ರಶ್ನೆ ಕೇಳಲು ಒಂದು ಗ್ರೂಪ್ ಇತ್ತು. ನೂರಾರು ಜನ ಒಟ್ಟಿಗೆ ಕೇಳುವ ಕಡೆ ನನ್ನ ಪ್ರಶ್ನೆ ಹತ್ತು ನಿಮಿಷದಲ್ಲಿ ಮೇಲಕ್ಕೆ ಸರಿದು ಕಣ್ಮರೆಯಾಗುತ್ತಿತ್ತು. ನಾನು ಕಳಿಸಿದ ವಿಡಿಯೊವನ್ನು ಅಲ್ಲಿ ಯಾರಾದರೂ ಪೂರ್ತಿ ನೋಡಿದರು ಅಂತ ನನಗೆ ನಂಬಿಕೆ ಇಲ್ಲ.

ಮೀಟಪ್‌ಗೆ ಮೊದಲ ಸಲ ಹೋದಾಗ ತುಂಬ ಸಂತೋಷವಾಯಿತು. ಅರವತ್ತು ಕುರ್ಚಿ, ಎಲ್ಲರ ಕೈಯಲ್ಲೂ ಫೋನು, ಎಲ್ಲರಿಗೂ ನನ್ನಂಥದೇ ಹುಚ್ಚು. ಮನೆಯವರಿಗೆ ಹೇಳಿದರೆ ಅರ್ಥವಾಗದ ಮಾತು ಅಲ್ಲಿ ಅರ್ಧ ಹೇಳಿದರೇ ಸಾಕಿತ್ತು. ಈ ಧೈರ್ಯವನ್ನು ಕೋರ್ಸ್ ಆಗಲಿ ಒಂಟಿ ಕಲಿಕೆಯಾಗಲಿ ಕೊಡಲಾರದು. ಕ್ಯಾಮೆರಾ ಮುಂದೆ ನಿಲ್ಲಲು ನಾಚಿಕೆಪಡುವವರು ಒಂದು ಸಲವಾದರೂ ಇಂಥ ಸಭೆಗೆ ಹೋಗಿ ಬರಬೇಕು.

ಕಲಿಕೆಯ ಲೆಕ್ಕಕ್ಕೆ ಬಂದರೆ ಬೇರೆ ಮಾತು. ಒಂದೂವರೆ ಗಂಟೆ ಭಾಷಣ, ಹತ್ತು ನಿಮಿಷ ಪ್ರಶ್ನೆ. ಮಾತಾಡುವವರು ತಮ್ಮ ಚಾನೆಲ್ ಬೆಳೆದ ಗ್ರಾಫ್ ತೋರಿಸುತ್ತಾರೆ, ನಮ್ಮದನ್ನು ಯಾರೂ ನೋಡುವುದಿಲ್ಲ. ಒಮ್ಮೆ ಅರ್ಧ ಗಂಟೆ ಬರೀ ಟ್ಯಾಗ್ ಹಾಕುವುದರ ಮೇಲೇ, ಅಂದರೆ ವಿಡಿಯೊ ಜೊತೆ ಹುಡುಕುಪದ ಬರೆದಿಡುವುದರ ಮೇಲೇ, ಹೋಯಿತು, ಎಲ್ಲರೂ ಬರೆದುಕೊಂಡೆವು. ವಿಡಿಯೊ ಹುಡುಕಿ ಸಿಗುವುದರಲ್ಲಿ ಟ್ಯಾಗ್‌ನ ಪಾತ್ರ ತೀರ ಕಡಿಮೆ, ಜನ ತಪ್ಪು ಕಾಗುಣಿತದಲ್ಲಿ ಹುಡುಕುವ ಪದ ಇದ್ದರೆ ಮಾತ್ರ ಸ್ವಲ್ಪ ಉಪಯೋಗ ಅನ್ನುವುದು ಯೂಟ್ಯೂಬ್‌ನ ಸ್ವಂತ ಮಾತು. ವೇದಿಕೆ ಮೇಲಿಂದ ಬಂದ ತಪ್ಪು ಅರವತ್ತು ಮನೆಗೆ ಹೋಗುತ್ತದೆ.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ನೋಯಿಸಿತು. ಸಭೆ ಮುಗಿದ ಮೇಲೆ ಎಲ್ಲರೂ ಫೋನ್ ಹಿಡಿದು "ನೀವು ನನಗೆ ಮಾಡಿ, ನಾನು ನಿಮಗೆ ಮಾಡ್ತೀನಿ" ಅಂತ ಸಬ್‌ಸ್ಕ್ರೈಬ್ ಹಂಚಿಕೊಂಡರು. ನಾನೂ ಮಾಡಿದೆ. ಒಂದೇ ಸಂಜೆಗೆ ನಲವತ್ತಕ್ಕೂ ಹೆಚ್ಚು ಜನ ಸೇರಿದರು. ಅವರಲ್ಲಿ ಸೂಜಿ ಹಿಡಿಯುವ ಆಸೆ ಇದ್ದವರು ಒಬ್ಬರೂ ಇರಲಿಲ್ಲ, ಹಾಗಾಗಿ ಒಬ್ಬರೂ ನೋಡಲಿಲ್ಲ. ಜಾಹೀರಾತಿನ ಹಣ ಬರಬೇಕಾದರೆ 1,000 ಸಬ್‌ಸ್ಕ್ರೈಬರ್ ಜೊತೆಗೆ 12 ತಿಂಗಳಲ್ಲಿ 4,000 ಗಂಟೆ ಜನ ನೋಡಿರಬೇಕು, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ ಬಂದಿರಬೇಕು. ನೋಡದ ಸಬ್‌ಸ್ಕ್ರೈಬರ್ ಆ ಗಂಟೆಗಳನ್ನು ತರುವುದಿಲ್ಲ. ಅದೂ ಅಲ್ಲದೆ ಹೀಗೆ ಕೊಟ್ಟು ತೆಗೆದುಕೊಳ್ಳುವುದು ಯೂಟ್ಯೂಬ್ ನಿಯಮಕ್ಕೇ ವಿರುದ್ಧ ಅಂತ ಆಮೇಲೆ ಓದಿ ತಿಳಿದುಕೊಂಡೆ. ನಿಮ್ಮ ಮೀಟಪ್‌ನಲ್ಲಿ ಇದು ನಡೆಯುತ್ತಿದ್ದರೆ ದಯವಿಟ್ಟು ಕೈ ಜೋಡಿಸಬೇಡಿ.

ಆ ಸಭೆಯಿಂದ ಸಿಕ್ಕ ನಿಜವಾದ ಲಾಭ ಅಂದರೆ, ಬಾಗಿಲ ಹತ್ತಿರ ಮಾತಿಗೆ ಸಿಕ್ಕಿದ ಮೂವರು. "ನಾವು ಹದಿನೈದು ದಿನಕ್ಕೊಮ್ಮೆ ಸೇರ್ತೀವಿ, ಭಾಷಣ ಇರಲ್ಲ, ನಿಮ್ಮ ವಿಡಿಯೊ ತಗೊಂಡು ಬನ್ನಿ" ಅಂದರು.

ಮೇಜಿನ ಗುಂಪಿಗೆ ನಿಯಮ ಎರಡೇ. ಬಂದವರೆಲ್ಲ ಏನಾದರೂ ತಂದು ತೋರಿಸಬೇಕು. ತೋರಿಸಿದವರು ವಿಡಿಯೊ ಮುಗಿಯುವವರೆಗೂ ಬಾಯಿ ಬಿಡಬಾರದು. ಎರಡನೆಯದು ಎಷ್ಟು ಕಷ್ಟ ಅಂತ ಕೂತವರಿಗೇ ಗೊತ್ತು. "ಇಲ್ಲಿ ಸ್ವಲ್ಪ ಸರಿ ಬಂದಿಲ್ಲ, ಆದ್ರೆ..." ಅಂತ ನಾಲಿಗೆ ತುದಿಗೆ ಬರುತ್ತದೆ, ನುಂಗಿಕೊಳ್ಳಬೇಕು.

ನನ್ನ ಮೊದಲ ಸರದಿಗೆ ಗುಂಡಿ ಹಾಕುವ ವಿಡಿಯೊ ಒಯ್ದಿದ್ದೆ. ಅದನ್ನು ನಾನೇ ಇಪ್ಪತ್ತು ಸಲ ನೋಡಿದ್ದೆ, ಚೆನ್ನಾಗಿದೆ ಅಂದುಕೊಂಡಿದ್ದೆ. ಗೋಡೆ ಮೇಲೆ ದೊಡ್ಡದಾಗಿ ಬಿದ್ದಾಗ ಎದುರಿಗಿದ್ದ ಹುಡುಗನೊಬ್ಬ ಕುತ್ತಿಗೆ ವಾಲಿಸಿ ನೋಡತೊಡಗಿದ. ಮುಗಿದ ಮೇಲೆ ಹೇಳಿದ, "ಅಕ್ಕಾ, ಸೂಜಿ ತೂತಿನೊಳಗೆ ಹೋಗೋದೇ ಕಾಣ್ತಿಲ್ಲ. ನಿಮ್ಮ ಕೈ ನೆರಳು ಅದರ ಮೇಲೆ ಬೀಳ್ತಿದೆ ನೋಡಿ." ಹೌದಲ್ಲ! ದೀಪ ನನ್ನ ಬಲಕ್ಕಿತ್ತು, ನಾನು ಹೊಲಿಯುವುದೂ ಬಲಗೈಯಲ್ಲಿ. ಸೂಜಿ ಎಲ್ಲಿ ಹೋಗುತ್ತದೆ ಅಂತ ಇಪ್ಪತ್ತು ವರ್ಷದಿಂದ ನನ್ನ ಬೆರಳಿಗೆ ಗೊತ್ತು. ಅದಕ್ಕೇ ಕಣ್ಣಿಗೆ ಕಾಣಿಸದೇ ಇದ್ದದ್ದು ನನಗೆ ತಿಳಿದೇ ಇರಲಿಲ್ಲ. ಮನೆಗೆ ಬಂದವಳೇ ದೀಪವನ್ನು ಎಡಕ್ಕೆ ತಂದಿಟ್ಟೆ. ಯಾವ ಪಾಠವೂ ನನಗೆ ಇದನ್ನು ಹೇಳಲು ಸಾಧ್ಯವಿರಲಿಲ್ಲ, ಏಕೆಂದರೆ ಯಾವ ಪಾಠವೂ ನನ್ನ ಕೈಯನ್ನು ನೋಡಿರಲಿಲ್ಲ.

ಶಬ್ದದ ವಿಷಯವೂ ಹಾಗೇ. ಗುಂಪಿನಲ್ಲಿ ಕಿವಿ ಮಂದವಾದ ಹಿರಿಯರೊಬ್ಬರಿದ್ದಾರೆ. "ನಿಮ್ಮ ಮಾತಿಗಿಂತ ಮಷಿನ್ ಸದ್ದೇ ಜಾಸ್ತಿ ಕೇಳ್ತಿದೆಯಮ್ಮ" ಅಂದರು. ಫೋನಿನ ಟ್ರೈಪಾಡನ್ನು ಮಷಿನ್ ಇದ್ದ ಮೇಜಿನ ಮೇಲೇ ಇಟ್ಟಿದ್ದೆ, ಅದರ ನಡುಕವೆಲ್ಲ ನೇರ ಫೋನಿಗೆ ಹತ್ತುತ್ತಿತ್ತು. ನೆಲದ ಮೇಲೆ ನಿಲ್ಲುವ ಟ್ರೈಪಾಡ್ ತಂದೆ, ಕಾಲರ್ ಮೈಕನ್ನು ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿಕೊಂಡೆ. ಮೈಕು ಬಾಯಿಂದ ಎರಡರಷ್ಟು ದೂರ ಹೋದರೆ ದನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ, ಕೋಣೆಯ ಗದ್ದಲ ಮಾತ್ರ ಇದ್ದಷ್ಟೇ ಇರುತ್ತದೆ. ಈ ಲೆಕ್ಕವನ್ನು ಕೋರ್ಸಿನಲ್ಲೂ ಕೇಳಿದ್ದೆ, ಆದರೆ ತಲೆಗೆ ಇಳಿದದ್ದು ಆ ಹಿರಿಯರು ಕಿವಿಗೆ ಕೈ ಹಿಡಿದು ಮುಂದಕ್ಕೆ ಬಾಗಿದಾಗ.

ಮೇಜಿನಲ್ಲಿ ಇನ್ನೂ ಒಂದು ಲಾಭ ಇದೆ, ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಗೋಡೆ ನೋಡುವುದನ್ನು ಬಿಟ್ಟು ನೋಡುವವರ ಮುಖ ನೋಡಲು ಕಲಿತೆ. ನನ್ನ ಚಾನೆಲ್‌ನ ಅಂಕಿಅಂಶದಲ್ಲಿ ಎಷ್ಟು ಜನ ಇನ್ನೂ ನೋಡುತ್ತಿದ್ದಾರೆ ಅಂತ ತೋರಿಸುವ ಗೆರೆ ಮೊದಲ ಅರ್ಧ ನಿಮಿಷದೊಳಗೇ ಕೆಳಗೆ ಬೀಳುವುದನ್ನು ದಿನಾ ನೋಡುತ್ತಿದ್ದೆ, ಕಾರಣ ಹೊಳೆದಿರಲಿಲ್ಲ. ಮೇಜಿನಲ್ಲಿ ನನ್ನ ನಮಸ್ಕಾರ, ಪರಿಚಯ, "ವಿಡಿಯೊ ಇಷ್ಟವಾದ್ರೆ ಲೈಕ್ ಮಾಡಿ" ನಡೆಯುತ್ತಿರುವಾಗ ಇಬ್ಬರು ಮೆಲ್ಲಗೆ ಫೋನ್ ಕೈಗೆತ್ತಿಕೊಂಡರು. ಗೆರೆ ಬೀಳುವುದು ಅಂದರೆ ಇದು. ಈಗ ನನ್ನ ವಿಡಿಯೊ ಕಿತ್ತುಹೋದ ಗುಂಡಿಯಿಂದಲೇ ಶುರುವಾಗುತ್ತದೆ.

ನಿಂತ ಆಕಾರದ ವಿಡಿಯೊ ಕಲಿತದ್ದೂ ಫೋನ್ ಕೈಯಿಂದ ಕೈಗೆ ದಾಟಿಸಿಯೇ. 2020ರಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್ ತಂದ ಮೇಲೆ ಎಲ್ಲರೂ 9:16 ಅಳತೆಯಲ್ಲಿ ಮಾಡುತ್ತಾರೆ, ನಾನೂ ಮಾಡಿದ್ದೆ. ದಾರದ ನಂಬರನ್ನು ಪರದೆಯ ತಳದಲ್ಲಿ ಬರೆದಿದ್ದೆ. ಇನ್ನೊಬ್ಬರ ಫೋನಿನಲ್ಲಿ ತೆರೆದರೆ ಅದರ ಮೇಲೆ ಖಾತೆಯ ಹೆಸರು, ವಿವರಣೆ ಕೂತು ಅಕ್ಷರ ಮುಚ್ಚಿಹೋಗಿತ್ತು. ಎಡಿಟಿಂಗ್ ಆ್ಯಪ್‌ನಲ್ಲಿ ಇದು ಕಾಣುವುದೇ ಇಲ್ಲ.

ಈ ರೀತಿಯ ಕೂಟ ಹೊಸದೇನಲ್ಲ. ಯೂಟ್ಯೂಬ್ ಹುಟ್ಟಿದ 2005ರಲ್ಲೇ ಅಮೆರಿಕದ ಪಾಲೊ ಆಲ್ಟೊದಲ್ಲಿ ಮೊದಲ ಬಾರ್‌ಕ್ಯಾಂಪ್ ನಡೆಯಿತು. ಮೊದಲೇ ಗೊತ್ತು ಮಾಡಿದ ಭಾಷಣಕಾರರಿಲ್ಲದೆ, ಬಂದವರೇ ವಿಷಯ ಹಂಚಿಕೊಂಡು ಮಾತಾಡುವ ಸಭೆ ಅದು. ಮರುವರ್ಷ ಬಾಸ್ಟನ್‌ನಲ್ಲಿ ಪಾಡ್‌ಕ್ಯಾಸ್ಟ್, ವಿಡಿಯೊ ಬ್ಲಾಗ್ ಮಾಡುವವರು ಅದೇ ಮಾದರಿಯಲ್ಲಿ ಪಾಡ್‌ಕ್ಯಾಂಪ್ ಮಾಡಿದರು. ಇಂಥ ಸಭೆಗಳಲ್ಲಿ ಎರಡು ಕಾಲಿನ ನಿಯಮ ಅಂತ ಒಂದಿದೆ: ಕೂತ ಕಡೆ ಕಲಿಯುವುದೂ ಇಲ್ಲ, ಕಲಿಸುವುದೂ ಇಲ್ಲ ಅನ್ನಿಸಿದರೆ ಎದ್ದು ಬೇರೆ ಕಡೆ ಹೋಗಬಹುದು, ಯಾರೂ ತಪ್ಪು ತಿಳಿಯಬಾರದು. ನಮ್ಮ ಮೇಜಿನಲ್ಲೂ ಇದನ್ನು ತಂದ ಮೇಲೆ ಸುಮ್ಮನೆ ಬಂದು ಕೂರುವವರು ಕಡಿಮೆಯಾದರು.

ಮೇಜಿನಲ್ಲಿ ಕೊರತೆ ಇಲ್ಲವೇ? ಇದೆ. ನಿಧಾನ. ಒಂದು ಸಂಜೆಗೆ ನನಗೆ ಸಿಗುವುದು ಹತ್ತು ನಿಮಿಷ. ಯಾರಿಗೂ ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದರೆ ಎಲ್ಲರೂ ಊಹೆಗೆ ಇಳಿಯುತ್ತೇವೆ. ಕಾಪಿರೈಟ್ ಬಗ್ಗೆ ಒಮ್ಮೆ ಹಾಗೇ ಆಯಿತು: ಹಾಡು ಹತ್ತು ಸೆಕೆಂಡ್ ಹಾಕಿದರೆ ತೊಂದರೆ ಇಲ್ಲ ಅಂತ ಒಬ್ಬರು ಹೇಳಿದ್ದನ್ನು ಎಲ್ಲರೂ ಒಪ್ಪಿಬಿಟ್ಟೆವು. ಇಷ್ಟು ಸೆಕೆಂಡ್ ಬಿಟ್ಟಿ ಅನ್ನುವ ನಿಯಮ ಎಲ್ಲೂ ಇಲ್ಲ. ಈಗ ನಿಯಮದ ಪ್ರಶ್ನೆ ಬಂದರೆ ಮೇಜಿನ ಮೇಲೆ ಸಹಾಯ ಪುಟ ತೆರೆದು ಓದಿಯೇ ಮುಂದೆ ಹೋಗುತ್ತೇವೆ. ಗುಂಪು ನಡೆಸುತ್ತಿದ್ದವರು ಊರು ಬಿಟ್ಟಾಗ ಎರಡು ತಿಂಗಳು ಏನೂ ನಡೆಯಲಿಲ್ಲ ಅನ್ನುವುದನ್ನೂ ಹೇಳಬೇಕು. ಆ ದಿನಗಳಲ್ಲಿ ವಿಡಿಯೊ ಕಾಲ್‌ನಲ್ಲಿ ಎರಡು ಸಲ ಸೇರಿದೆವು. ಎಡಿಟಿಂಗ್ ಟೈಮ್‌ಲೈನ್ ತೋರಿಸಿ ಕೇಳಲು ಅದು ಚೆನ್ನ. ವಿಡಿಯೊ ಹಾಕಿ ನೋಡುವುದಕ್ಕೆ ಬಾರದು, ತಡೆದು ತಡೆದು ಓಡುತ್ತದೆ, ನೋಡುವವರ ಮುಖವೂ ಸರಿಯಾಗಿ ಕಾಣದು.

ಹೊಸದಾಗಿ ಶುರು ಮಾಡುವವರು ನನ್ನನ್ನು ಕೇಳಿದರೆ, ಮೊದಲ ತಿಂಗಳು ಮನೆಯಲ್ಲೇ ಕೂತು ಫೋನ್ ಕಲಿಯಿರಿ, ಮೂರು ವಿಡಿಯೊ ಹೇಗಾದರೂ ಮುಗಿಸಿ ಅನ್ನುತ್ತೇನೆ. ಕೈಯಲ್ಲಿ ವಿಡಿಯೊ ಇಲ್ಲದೆ ಮೇಜಿಗೆ ಹೋದರೆ ಸಿಗುವುದು ಏನೂ ಇಲ್ಲ. ಆಮೇಲೆ ಭಾಷಣದ ಮೀಟಪ್‌ಗೆ ಒಂದೆರಡು ಸಲ ಹೋಗಿ, ಭಾಷಣಕ್ಕಿಂತ ಹೆಚ್ಚಾಗಿ ಅಲ್ಲಿ ಮಾತಿಗೆ ಸಿಗುವವರಿಗಾಗಿ. ಹತ್ತಿರದಲ್ಲಿ ಮೇಜಿನ ಗುಂಪು ಇಲ್ಲದಿದ್ದರೆ ನಾಲ್ಕು ಜನ ಸಾಕು, ನೀವೇ ಶುರು ಮಾಡಿ. ಹೊಲಿಗೆ ಗೊತ್ತಿಲ್ಲದವರೇ ನನ್ನ ವಿಡಿಯೊಗೆ ಒಳ್ಳೆಯ ಮಾತು ಹೇಳಿದ್ದು, ಆದ್ದರಿಂದ ಒಂದೇ ವಿಷಯದವರು ಬೇಕೆಂದು ಕಾಯಬೇಡಿ. ಕೋರ್ಸ್ ಸೇರಲೇಬೇಕು ಅನ್ನಿಸಿದರೆ ಪಾಠ ಯಾವಾಗ ರೆಕಾರ್ಡ್ ಆದದ್ದು ಅಂತ ಮೊದಲು ಕೇಳಿ.

ಲೈವ್ ಮಾಡುವುದನ್ನು ಮಾತ್ರ ನನಗೆ ಈ ನಾಲ್ಕರಲ್ಲಿ ಯಾವುದೂ ಇನ್ನೂ ಕಲಿಸಿಲ್ಲ. ಮುಂದಿನ ಸಲ ಮೇಜಿನಲ್ಲಿ ಲೈವ್ ಕಳಿಸುವ ಒಬಿಎಸ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡು, ಖಾಸಗಿ ಲಿಂಕ್‌ನಲ್ಲಿ ಅರ್ಧ ಗಂಟೆ ಜಿಪ್ ಹೊಲಿದು ತೋರಿಸುತ್ತೇನೆ. ಪಕ್ಕದ ಕೋಣೆಯಲ್ಲಿ ಕೂತು ಫೋನಿನಲ್ಲಿ ನೋಡುತ್ತೇವೆ ಅಂತ ಇಬ್ಬರು ಒಪ್ಪಿದ್ದಾರೆ.