ಹಂದಿ ಫಾರಂ ಹೊಟ್ಟಿನ ಗೊಬ್ಬರ: ನಾಲ್ಕು ವರ್ಷ ರಾಗಿ ಹೊಲಕ್ಕೆ ಹಾಕಿದ ಅನುಭವ

ನಮ್ಮದು ಚಿಂತಾಮಣಿ ತಾಲ್ಲೂಕು. ಮೂರು ಎಕರೆ ಕೆಂಪು ಮಣ್ಣು, ಮಳೆ ನಂಬಿದ ಹೊಲ. ರಾಗಿ ಹಾಕಿ, ನಡುನಡುವೆ ಬಿಡುವ ಅಕ್ಕಡಿ ಸಾಲಿಗೆ ಅವರೆ, ತೊಗರಿ ಬಿಡುತ್ತೇವೆ. ಹಸುಗಳನ್ನು ಮಾರಿದ ಮೇಲೆ ತಿಪ್ಪೆ ಬರಿದಾಯಿತು. ಕೊಟ್ಟಿಗೆ ಗೊಬ್ಬರ ಕೊಳ್ಳೋಣ ಎಂದರೆ ರೇಟು ಜಾಸ್ತಿ. ಹಾಗಾಗಿ ಹತ್ತಿರದ ಹಂದಿ ಫಾರಂನಲ್ಲಿ ಹಂದಿಗಳ ಕೆಳಗೆ ಹಾಸಿ, ಆಮೇಲೆ ಬಾಚಿ ತೆಗೆದ ಹೊಟ್ಟನ್ನು ತರಲು ಶುರು ಮಾಡಿದೆ. ಭತ್ತದ ಹೊಟ್ಟು, ಸಾಮಿಲ್ ಪುಡಿ, ಅದರ ಜೊತೆ ಹಂದಿಗಳ ಮಲಮೂತ್ರ. ಕೊಟ್ಟಿಗೆ ಗೊಬ್ಬರದ ಅರ್ಧ ದುಡ್ಡಿಗೆ ಒಂದು ಟ್ರ್ಯಾಕ್ಟರ್ ಲೋಡು ಸಿಗುತ್ತದೆ.

ಮೊದಲ ವರ್ಷ ಅದನ್ನು ಹಾಗೇ ಹರಡಿ, ಉತ್ತು, ರಾಗಿ ಬಿತ್ತಿದೆ. ಪೈರು ಚೆನ್ನಾಗಿಯೇ ಹುಟ್ಟಿತು. ಇಪ್ಪತ್ತೈದು ದಿನ ಆಗುವಷ್ಟರಲ್ಲಿ ಕೆಳಗಿನ ಗರಿಗಳು ಹಳದಿ. ಬದುವಿನ ಆಚೆ ಪಕ್ಕದವರ ಪೈರು ಕಡು ಹಸಿರು, ಈಚೆ ನಮ್ಮದು ನಿಂಬೆಹಣ್ಣಿನ ಬಣ್ಣ. ದಿನಾ ಬೆಳಿಗ್ಗೆ ಅದನ್ನು ನೋಡುವಾಗ ಹೊಟ್ಟೆ ಉರಿಯುತ್ತಿತ್ತು. ಕಾರಣ ಆಮೇಲೆ ತಿಳಿಯಿತು. ಹೊಟ್ಟಿನಲ್ಲಿ, ಅದರಲ್ಲೂ ಮರದ ಪುಡಿಯಲ್ಲಿ, ಇಂಗಾಲ ಬಹಳ, ಸಾರಜನಕ ಕಡಿಮೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿದ್ದ ಸಾರಜನಕವನ್ನೇ ಎಳೆದುಕೊಳ್ಳುತ್ತವೆ. ಗೊಬ್ಬರ ಹಾಕಿಯೂ ಪೈರು ಹಸಿದು ನಿಂತಿತ್ತು. ಯೂರಿಯಾ ಕೊಟ್ಟ ಮೇಲೆ ಚೇತರಿಸಿಕೊಂಡಿತು. ಉಳಿಸಿದ ದುಡ್ಡೆಲ್ಲ ಅಲ್ಲಿಗೆ ಹೋಯಿತು.

ಎರಡನೇ ವರ್ಷದಿಂದ ಸಂಕ್ರಾಂತಿ ಕಳೆದ ಕೂಡಲೇ ಲೋಡು ತರಿಸಿ ರಾಶಿ ಹಾಕುತ್ತೇನೆ. ಎದೆಯುದ್ದ ಎತ್ತರ, ಬೋರ್‌ವೆಲ್‌ನಿಂದ ದೂರ. ಇಲ್ಲಿ ಒಂದು ವಿಷಯ ಗಮನಿಸಿ. ಹಂದಿ ಮಲಗುವ ಜಾಗ ಬೇರೆ, ಗಲೀಜು ಮಾಡುವ ಮೂಲೆ ಬೇರೆ. ಮಲಗುವ ಜಾಗದ್ದು ಹೆಚ್ಚುಕಡಿಮೆ ಬರೀ ಒಣ ಹೊಟ್ಟು. ಸತ್ವ ಇರುವುದೆಲ್ಲ ಆ ಒದ್ದೆ ಮೂಲೆಯಲ್ಲಿ. ಒಂದೇ ಶೆಡ್ಡಿನ ಎರಡು ಲೋಡು ಒಂದೇ ಥರ ಇರುವುದಿಲ್ಲ. ಲೋಡು ತುಂಬುವಾಗ ನಾನೇ ನಿಂತು ಎರಡನ್ನೂ ಬೆರೆಸಿ ಹಾಕಿಸುತ್ತೇನೆ.

ನೀರು ಎಷ್ಟು ಹಾಕಬೇಕು ಎನ್ನುವುದಕ್ಕೆ ಕೈಯೇ ಅಳತೆ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ನೀರು ತೊಟ್ಟಿಕ್ಕಬಾರದು. ನಾಲ್ಕೈದು ದಿನಕ್ಕೆ ರಾಶಿಗೆ ಹಾರೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ಎಳೆಯುತ್ತೇನೆ. ತುದಿ ಹಿಡಿಯಲು ಆಗದಷ್ಟು ಕಾದಿದ್ದರೆ ಕೆಲಸ ಸರಿಯಾಗಿ ನಡೆದಿದೆ ಎಂದರ್ಥ. ಒಳಗೆ 55 ಡಿಗ್ರಿ ದಾಟಿ ಕೆಲವು ದಿನ ನಿಂತರೆ ಜಂತುಹುಳದ ಮೊಟ್ಟೆ, ಕಳೆ ಬೀಜ ಸಾಯುತ್ತವೆ. ಅದಕ್ಕೇ ಹೊರಗಿನದು ಒಳಗೆ ಬರುವ ಹಾಗೆ ಮೂರು ಸಲ ಮಗುಚಬೇಕು. ಕೂಲಿ ಖರ್ಚು ಇರುವುದೇ ಇಲ್ಲಿ. ಚಳಿಗಾಲದ ಬೆಳಗಿನ ಜಾವ ರಾಶಿ ಬಗೆದರೆ ಹಂಡೆ ಮುಚ್ಚಳ ತೆಗೆದ ಹಾಗೆ ಹಬೆ ಏಳುತ್ತದೆ. ಮೊದಲು ಮೂಗಿಗೆ ಅಡರುವ ವಾಸನೆ ಮೇ ಹೊತ್ತಿಗೆ ಹೋಗಿ, ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ರಾಶಿ ಅರ್ಧಕ್ಕೆ ಇಳಿದಿರುತ್ತದೆ. ಭತ್ತದ ಹೊಟ್ಟು ಮಾತ್ರ ಆಗಲೂ ಅಲ್ಲಲ್ಲಿ ಕಾಣುತ್ತದೆ, ಅದು ಬೇಗ ಕರಗುವುದಿಲ್ಲ. ತೊಂದರೆ ಏನಿಲ್ಲ. ನಮ್ಮ ಕೆಂಪು ಮಣ್ಣು ಮಳೆ ನಿಂತ ಮೇಲೆ ಹೆಪ್ಪುಗಟ್ಟುತ್ತದೆ ಅಲ್ವಾ, ಅದು ಈಗ ಕಡಿಮೆಯಾಗಿದೆ. ಕುಂಟೆ ಹಗುರವಾಗಿ ಹೋಗುತ್ತದೆ.

ಎಕರೆಗೆ ಮೂರು ಟನ್ ಹಾಕುತ್ತೇನೆ, ಹರಡಿದ ದಿನವೇ ಉಳುತ್ತೇನೆ. ಬಿಸಿಲಿಗೆ ಬಿಟ್ಟರೆ ಸಾರಜನಕ ಗಾಳಿಗೆ ಹೋಗುತ್ತದೆ. ಒಂದು ವರ್ಷ ಆಸೆಯಿಂದ ಜಾಸ್ತಿ ಹಾಕಿದ ಪಟ್ಟಿಯಲ್ಲಿ ಪೈರು ಸೊಕ್ಕಿ ಬೆಳೆದು, ತೆನೆ ತುಂಬುವ ಹೊತ್ತಿಗೆ ಮಳೆಗೆ ಮಲಗಿಬಿಟ್ಟಿತು.

ಮನೆಯಲ್ಲಿ ಅಮ್ಮ ಒಪ್ಪಿರಲಿಲ್ಲ. "ಹಂದಿ ಗೊಬ್ಬರದ ರಾಗಿ ಮುದ್ದೆ ಹೆಂಗೋ ಉಣ್ಣೋದು?" ಎಂದಿದ್ದರು. ಕಳಿತ ಗೊಬ್ಬರವನ್ನು ಅವರ ಕೈಗೇ ಕೊಟ್ಟೆ. ಮೂಸಿ ನೋಡಿದರು, ಏನೂ ಹೇಳಲಿಲ್ಲ. ಮಾರನೇ ದಿನ ಹಿತ್ತಲಿನ ದಾಸವಾಳದ ಬುಡಕ್ಕೆ ಒಂದು ಮಂಕರಿ ಹಾಕಿದ್ದರು.

ದೂರು ಕೂಡ ಇದೆ. ಒಂದು ಫಾರಂನಿಂದ ಬಂದ ಲೋಡಿನಲ್ಲಿ ಇಂಜೆಕ್ಷನ್ ಸೂಜಿಗಳಿದ್ದವು. ಮಗುಚುತ್ತಿದ್ದ ಆಳಿನ ಅಂಗೈಗೆ ಚುಚ್ಚಿ, ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಯಿತು. ಕೇಳಿದರೆ ಅವರು ಫೋನೇ ಎತ್ತಲಿಲ್ಲ. ಗೊಬ್ಬರ ಮಾರಿ ದುಡ್ಡು ತೆಗೆದುಕೊಳ್ಳುವವರು ಅದರೊಳಗೆ ಕೈ ಹಾಕುವವರ ಬಗ್ಗೆಯೂ ಯೋಚಿಸಬೇಕು. ಅಲ್ಲಿಂದ ತರುವುದನ್ನು ಬಿಟ್ಟೆ.

ಪ್ರತಿ ವರ್ಷ ಒಂದೇ ಹೊಲಕ್ಕೆ ಇದನ್ನು ಸುರಿಯಬೇಡಿ. ಹಂದಿ ಗೊಬ್ಬರದಲ್ಲಿ ರಂಜಕ ಜಾಸ್ತಿ. ಮೇವಿನಿಂದ ಬರುವ ತಾಮ್ರ, ಸತು ಕೂಡ ಇರುತ್ತವೆ, ಅವು ಮಣ್ಣಿನಲ್ಲೇ ಉಳಿಯುತ್ತವೆ. ಮೂರನೇ ವರ್ಷ ಮಣ್ಣು ಪರೀಕ್ಷೆ ಮಾಡಿಸಿದಾಗ ನಮ್ಮ ಮೇಲಿನ ಹೊಲದಲ್ಲಿ ರಂಜಕ ಹೆಚ್ಚು ಬಂತು. ಅಲ್ಲಿ ರಂಜಕ ಇರುವ ಡಿಎಪಿ ರಾಸಾಯನಿಕ ಗೊಬ್ಬರ ನಿಲ್ಲಿಸಿದೆ. ಹಸಿಯಾಗಿ ತಿನ್ನುವ ಕೊತ್ತಂಬರಿ, ಕ್ಯಾರೆಟ್, ಮೂಲಂಗಿಗೆ ನಾನು ಇದನ್ನು ಹಾಕುವುದಿಲ್ಲ. ಮನೆಯಲ್ಲಿ ಹಂದಿ ಸಾಕುವವರು ಬೇರೆ ಫಾರಂನ ಹೊಟ್ಟನ್ನು ತರಲೇಬಾರದು, ಹಂದಿಗಳನ್ನು ಸಾಯಿಸುವ ಹಂದಿಜ್ವರ ಹೊಟ್ಟಿನ ಜೊತೆಗೇ ಬರಬಹುದು.

ಈ ವರ್ಷ ಮೇಲಿನ ಹೊಲಕ್ಕೆ ರಜೆ, ಅಲ್ಲಿ ಬರೀ ಹುರುಳಿ. ರಾಶಿಯೆಲ್ಲ ಕೆಳಗಿನ ಎಕರೆಗೆ.