ರೇಡಿಯೊ ಕಚೇರಿಯನ್ನು ನಾದ ಕೆಡದಂತೆ ಉಳಿಸಿಕೊಳ್ಳಲು: ಎಫ್‌ಎಫ್‌ಎಂಪೆಗ್ ತಂತ್ರಾಂಶದ ವಿಮರ್ಶೆ

ಆಕಾಶವಾಣಿಯ ‘ರಾಗಂ’ ವಾಹಿನಿಯು 2016ರ ಜನವರಿ 26ರಂದು ಬೆಂಗಳೂರಿನಿಂದ ಆರಂಭವಾದ ಮೇಲೆ, ಶಾಸ್ತ್ರೀಯ ಸಂಗೀತವನ್ನು ದಿನದ ಇಪ್ಪತ್ತನಾಲ್ಕು ಗಂಟೆಯೂ ಅಂತರ್ಜಾಲದ ಮೂಲಕ ಕೇಳುವ ಅನುಕೂಲ ನಮಗೆ ಒದಗಿದೆ. ಆದರೆ ಅಲ್ಲಿ ಒಮ್ಮೆ ಕೇಳಿಬಂದ ಕಚೇರಿ ಮತ್ತೆ ಯಾವಾಗ ಪ್ರಸಾರವಾದೀತು ಎಂದು ಹೇಳಲಾಗದು. ಆದ್ದರಿಂದ ಮೆಚ್ಚಿದ ಕಚೇರಿಯನ್ನು ಸ್ವಂತ ಕಂಪ್ಯೂಟರಿನಲ್ಲಿ ಉಳಿಸಿಕೊಳ್ಳಲು ಬಯಸುವವರಿಗೆ ಯಾವ ತಂತ್ರಾಂಶ ತಕ್ಕದ್ದು ಎಂಬುದು ವಿಚಾರಿಸಬೇಕಾದ ಸಂಗತಿ. ನಾನು ಈ ಕೆಲಸಕ್ಕೆ ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶವನ್ನು ನೆಚ್ಚಿಕೊಂಡಿದ್ದೇನೆ.

ಹೆಚ್ಚಿನವರು ಮೊದಲು ಕೈಹಾಕುವುದು ಧ್ವನಿಯನ್ನು ಮುದ್ರಿಸಿ ತಿದ್ದುವ ಆಡಾಸಿಟಿ ತಂತ್ರಾಂಶಕ್ಕೆ. ವಿಂಡೋಸ್‌ನಲ್ಲಿ ಧ್ವನಿಯ ಮೂಲವಾಗಿ ವಿಂಡೋಸಿನದೇ ಧ್ವನಿ ವ್ಯವಸ್ಥೆಯಾದ ‘ವಾಸಪಿ’ಯನ್ನೂ (WASAPI) ಅದರಡಿಯಲ್ಲಿ ಸ್ಪೀಕರಿನ ‘ಲೂಪ್‌ಬ್ಯಾಕ್’ ಅನ್ನೂ ಆರಿಸಿದರೆ, ಸ್ಪೀಕರಿಗೆ ಹೋಗುವ ಧ್ವನಿಯನ್ನು ಅದು ಅಂಕೀಯ ರೂಪದಲ್ಲಿಯೇ ಹಿಡಿದಿಡುತ್ತದೆ. ಮೈಕ್ ಬೇಕಿಲ್ಲ, ಕೋಣೆಯ ಸದ್ದು ಸೇರುವುದಿಲ್ಲ. ಆದರೆ ಕಂಪ್ಯೂಟರಿನಿಂದ ಹೊರಡುವ ಎಲ್ಲ ಸದ್ದನ್ನೂ ಅದು ಒಂದೇ ಸಮನಾಗಿ ಮುದ್ರಿಸುವುದರಿಂದ, ಆಲಾಪನೆಯ ನಡುವೆ ಬಂದ ಇಮೇಲಿನ ಟಿಣ್ ಎಂಬ ದನಿಯೂ ಶಾಶ್ವತವಾಗಿ ಉಳಿದುಬಿಡುತ್ತದೆ. ಬ್ರೌಸರಿನಲ್ಲಿ ಧ್ವನಿಯ ಮಟ್ಟ ತಗ್ಗಿದ್ದರೆ ಮುದ್ರಣವೂ ತಗ್ಗಿಯೇ ಇರುತ್ತದೆ.

ಇದಕ್ಕಿಂತ ಮುಖ್ಯವಾದ ತೊಡಕು ಬೇರೆಯಿದೆ. ಅಂತರ್ಜಾಲ ರೇಡಿಯೊ ಬಹುಮಟ್ಟಿಗೆ ಎಂಪಿ3 ಅಥವಾ ಎಎಸಿ ರೂಪದಲ್ಲಿ, ಅಂದರೆ ಮೊದಲೇ ಒಮ್ಮೆ ಕುಗ್ಗಿಸಿದ ಸ್ಥಿತಿಯಲ್ಲಿ ನಮ್ಮನ್ನು ತಲುಪುತ್ತದೆ. ಆಡಾಸಿಟಿಯಲ್ಲಿ ಮುದ್ರಿಸಿ ಮತ್ತೆ ಎಂಪಿ3 ಆಗಿ ಉಳಿಸಿದರೆ ಅದು ಎರಡನೆಯ ಬಾರಿ ಕುಗ್ಗುತ್ತದೆ, ಮೊದಲ ಸಲ ಉಳಿದುಕೊಂಡಿದ್ದ ವಿವರಗಳಲ್ಲಿ ಇನ್ನಷ್ಟು ಕಳೆದುಹೋಗುತ್ತವೆ. ನಮ್ಮ ಸಂಗೀತದಲ್ಲಿ ಈ ನಷ್ಟ ಬೇಗನೆ ಕಿವಿಗೆ ಬೀಳುತ್ತದೆ. ತಂಬೂರಿಯ ತಂತಿಯಿಂದ ಏಳುವ ಮೇಲಿನ ಅನುಸ್ವರಗಳು ಕಲಕಿದಂತಾಗುತ್ತವೆ. ಕುಗ್ಗಿಸುವ ವಿಧಾನವು ಧ್ವನಿಯನ್ನು ಸಣ್ಣ ಸಣ್ಣ ತುಂಡುಗಳಾಗಿ ಎಣಿಸುವುದರಿಂದ, ಖಂಜಿರದ ಚುರುಕು ಪೆಟ್ಟನ್ನು ಕುಗ್ಗಿಸುವಾಗ ಆದ ದೋಷವು ಆ ಇಡೀ ತುಂಡಿಗೆ ಹರಡಿ ಪೆಟ್ಟಿಗೂ ಮೊದಲೇ ಒಂದು ಮಸುಕು ಸದ್ದಾಗಿ ಕೇಳಿಸುತ್ತದೆ. ತಾಳವಾದ್ಯಗಳಷ್ಟೇ ನುಡಿಯುವ ತನಿ ಆವರ್ತನದಲ್ಲಿ ಇದನ್ನು ಸಹಿಸುವುದು ಕಷ್ಟ. ಉಳಿಸುವಾಗ ಸೆಕೆಂಡಿಗೆ 320 ಕಿಲೋಬಿಟ್ ದರವನ್ನು ಆರಿಸಿದರೂ, ಕೆಳದರ್ಜೆಯ ಪ್ರಸಾರದಲ್ಲಿ ಮೊದಲೇ ಹೋದದ್ದು ಹಿಂತಿರುಗದು, ಕಡತದ ಗಾತ್ರ ಮಾತ್ರ ಹಿಗ್ಗುತ್ತದೆ. ನಷ್ಟವಿಲ್ಲದ ಫ್ಲ್ಯಾಕ್ ರೂಪದಲ್ಲಿ ಉಳಿಸಿದರೆ ಈ ಎರಡನೆಯ ಪೆಟ್ಟು ತಪ್ಪುವುದು ನಿಜ. ಆದರೆ ಆಗ ಒಳಬಂದ ಮಾಹಿತಿಗಿಂತ ಹಲವು ಪಟ್ಟು ದೊಡ್ಡದಾದ ಕಡತವನ್ನು ಕಾಪಾಡಬೇಕಾಗುತ್ತದೆ.

ಎಫ್‌ಎಫ್‌ಎಂಪೆಗ್‌ನ ಹಿರಿಮೆ ಇರುವುದು ಇಲ್ಲಿ. ಅದಕ್ಕೆ ‘ಕಾಪಿ’ ಎಂಬ ಸೂಚನೆ ಕೊಟ್ಟರೆ, ಪ್ರಸಾರ ಕೇಂದ್ರದಿಂದ ಬಂದ ಮಾಹಿತಿಯನ್ನು ಬಿಚ್ಚುವ ಮತ್ತು ಮರಳಿ ಕುಗ್ಗಿಸುವ ಗೋಜಿಗೇ ಹೋಗದೆ, ಬಂದದ್ದನ್ನು ಬಂದಂತೆಯೇ ಡಿಸ್ಕಿಗೆ ಬರೆಯುತ್ತದೆ. ಸ್ಪೀಕರ್ ಮುಚ್ಚಿದ್ದರೂ ಅದೇ ಹೊತ್ತಿಗೆ ಬೇರೊಂದು ವಿಡಿಯೊ ನೋಡುತ್ತಿದ್ದರೂ ಮುದ್ರಣಕ್ಕೆ ಏನೂ ಆಗುವುದಿಲ್ಲ. 128 ಕಿಲೋಬಿಟ್ಟಿನ ಪ್ರಸಾರವಾದರೆ ಒಂದು ಗಂಟೆಗೆ ಸುಮಾರು 58 ಮೆಗಾಬೈಟ್ ಸಾಕು. ಅದೇ ಒಂದು ಗಂಟೆಯನ್ನು ಸಿಡಿ ಗುಣಮಟ್ಟದ, ಕುಗ್ಗಿಸದ ವೇವ್ ಕಡತವಾಗಿಟ್ಟರೆ 635 ಮೆಗಾಬೈಟ್ ಹಿಡಿಯುತ್ತದೆ. ಹಳೆಯ, ನಿಧಾನವಾದ ಲ್ಯಾಪ್‌ಟಾಪ್ ಕೂಡ ಈ ಕೆಲಸವನ್ನು ಸಲೀಸಾಗಿ ಮಾಡುತ್ತದೆ, ಏಕೆಂದರೆ ಇಲ್ಲಿ ಲೆಕ್ಕಾಚಾರವೇ ಇಲ್ಲದಷ್ಟು ಕಡಿಮೆ.

ಇದಕ್ಕೆ ಪ್ರಸಾರದ ನಿಜವಾದ ವಿಳಾಸ ಬೇಕು. ಬ್ರೌಸರಿನಲ್ಲಿ ರೇಡಿಯೊ ಹಚ್ಚಿ, ಎಫ್12 ಒತ್ತಿ, ‘ನೆಟ್‌ವರ್ಕ್’ ವಿಭಾಗದಲ್ಲಿ ಎಂ3ಯು8 (m3u8, ಪ್ರಸಾರದ ತುಣುಕುಗಳ ಪಟ್ಟಿ) ಎಂದು ಕೊನೆಯಾಗುವ ಸಾಲನ್ನು ಹುಡುಕಿದರೆ ಸಾಮಾನ್ಯವಾಗಿ ಅದು ಸಿಗುತ್ತದೆ. ಆ ವಿಳಾಸವನ್ನು ಜೊತೆಗೇ ಬರುವ ಎಫ್‌ಎಫ್‌ಪ್ರೋಬ್ ಎಂಬ ಉಪಕರಣಕ್ಕೆ ಕೊಟ್ಟು, ಪ್ರಸಾರ ಯಾವ ರೂಪದಲ್ಲಿದೆ, ಅದರ ಬಿಟ್ ದರವೆಷ್ಟು ಎಂದು ಮೊದಲು ನೋಡುವುದು ಒಳ್ಳೆಯದು. ಒಂದೇ ವಾಹಿನಿಗೆ ಹಲವು ದರ್ಜೆಯ ವಿಳಾಸಗಳಿದ್ದರೆ ಮೇಲಿನದನ್ನೇ ಆರಿಸಬೇಕು. ಈ ಒಂದು ಆಯ್ಕೆಯಿಂದ ಆಗುವ ಲಾಭ ಮುಂದೆ ಮಾಡುವ ಯಾವ ತಿದ್ದುಪಡಿಯಿಂದಲೂ ಆಗದು.

ಕಡತದ ಹೊದಿಕೆಯ, ಅಂದರೆ ಬಂದ ಧ್ವನಿಯನ್ನು ತುಂಬಿಡುವ ಕಡತದ ಬಗೆಯ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಎಂ4ಎ ಕಡತದ ಸೂಚಿಯನ್ನು ತಂತ್ರಾಂಶವು ಮುದ್ರಣ ಮುಗಿದ ಮೇಲೆ ಬರೆಯುತ್ತದೆ. ಆದ್ದರಿಂದ ನಡುವೆ ಕರೆಂಟು ಹೋದರೆ ಎರಡು ಗಂಟೆಯ ಮುದ್ರಣವೂ ತೆರೆಯಲಾಗದ ಕಡತವಾಗಿ ಉಳಿಯಬಹುದು. ಮಟ್ರೋಸ್ಕ ಹೊದಿಕೆಯನ್ನು, ಅಂದರೆ ಎಂಕೆಎ ಕಡತವನ್ನು ಬಳಸಿದರೆ ಅಲ್ಲಿಯವರೆಗೆ ಬರೆದದ್ದೆಲ್ಲ ಕೇಳಸಿಗುತ್ತದೆ. ಕರೆಂಟಿನ ಭರವಸೆಯಿಲ್ಲದ ಊರುಗಳಲ್ಲಿ ಇರುವವರು ಎಂಕೆಎಯನ್ನೇ ರೂಢಿಸಿಕೊಳ್ಳಲಿ. ನೆಟ್ ಕಡಿದುಹೋದರೆ ಮಾತ್ರ ಈ ತಂತ್ರಾಂಶವೂ ಹೆಚ್ಚೇನೂ ಮಾಡಲಾರದು: ಎಂ3ಯು8 ಪಟ್ಟಿಯಲ್ಲಿ ನೇರ ಪ್ರಸಾರದ ಇತ್ತೀಚಿನ ಕೆಲವೇ ತುಣುಕುಗಳು ಇರುವುದರಿಂದ, ಅಷ್ಟು ಹೊತ್ತಿಗೊಳಗೆ ಸಂಪರ್ಕ ಮರಳದಿದ್ದರೆ ನಡುವಿನ ಸಂಗೀತ ಕೈಬಿಟ್ಟಂತೆಯೇ. ವೈಫೈಗಿಂತ ಕೇಬಲ್ ಜೋಡಿಸಿ ಮುದ್ರಿಸುವುದು ಕ್ಷೇಮ.

ಕಚೇರಿಯ ಹಿಂದುಮುಂದಿನ ಪ್ರಕಟಣೆಗಳನ್ನು ಕತ್ತರಿಸಲು ಸಹ ಇದೇ ‘ಕಾಪಿ’ ವಿಧಾನ ಸಾಕು. ಸಾಮಾನ್ಯ ಎಎಸಿಯಲ್ಲಿ ಒಂದು ಚೌಕಟ್ಟು, ಅಂದರೆ ಒಟ್ಟಿಗೆ ಕುಗ್ಗಿಸುವ ತುಂಡು, 1024 ಮಾದರಿಗಳಷ್ಟಿರುವುದರಿಂದ, 48 ಕಿಲೋಹರ್ಟ್ಸ್ ಪ್ರಸಾರದಲ್ಲಿ ಸುಮಾರು 21 ಮಿಲಿಸೆಕೆಂಡಿನ ನಿಖರತೆಯಲ್ಲಿ ಕತ್ತರಿಸಬಹುದು; ಪಲ್ಲವಿಯ ಎಡುಪಿಗೆ (ತಾಳದಲ್ಲಿ ಅದು ಶುರುವಾಗುವ ಜಾಗಕ್ಕೆ) ಧಕ್ಕೆಯಾಗದಷ್ಟು ಸೂಕ್ಷ್ಮ ಅದು. ನಿಗದಿತ ಹೊತ್ತಿಗೆ ತಾನೇ ಶುರುವಾಗಬೇಕೆಂದರೆ ವಿಂಡೋಸಿನ ಟಾಸ್ಕ್ ಶೆಡ್ಯೂಲರ್ ಅಥವಾ ಲಿನಕ್ಸಿನ ಕ್ರಾನ್ ಜೊತೆ ಹೊಂದಿಸಬೇಕು.

ಕೊರತೆ ಎಂದರೆ ಇದರ ಮುಖ. ಗುಂಡಿಗಳಿಲ್ಲ, ಕಿಟಕಿಯಿಲ್ಲ, ಎಲ್ಲವನ್ನೂ ಕಮಾಂಡಿನ ಸಾಲಾಗಿ ಟೈಪ್ ಮಾಡಬೇಕು, ಒಂದು ಅಕ್ಷರ ತಪ್ಪಿದರೂ ಕೆಂಪು ಸಂದೇಶಗಳ ಸಾಲು ಎದುರಾಗುತ್ತದೆ. ಅಧಿಕೃತ ತಾಣವು ಮೂಲ ಸಂಕೇತವನ್ನಷ್ಟೇ ಕೊಟ್ಟು, ವಿಂಡೋಸಿಗೆ ಸಿದ್ಧವಾದ ಆವೃತ್ತಿಗಾಗಿ ಬೇರೆ ತಾಣಗಳತ್ತ ಕೈತೋರಿಸುತ್ತದೆ; ಹೊಸಬರು ಅಧಿಕೃತ ತಾಣದ ಕೊಂಡಿಯ ಮೂಲಕವೇ ಅಲ್ಲಿಗೆ ಹೋಗಬೇಕು. ಮನೆಯ ಹಿರಿಯರಿಗೆ ಇದನ್ನು ಕಲಿಸುವುದು ಸುಲಭವಲ್ಲ. ಆದರೂ ಒಮ್ಮೆ ಸರಿಯಾಗಿ ಬರೆದ ಸಾಲನ್ನು ಬ್ಯಾಚ್ ಕಡತವಾಗಿ ಡೆಸ್ಕ್‌ಟಾಪಿನ ಮೇಲೆ ಇಟ್ಟುಕೊಟ್ಟರೆ ಮುಂದೆ ಎರಡು ಬಾರಿ ಕ್ಲಿಕ್ ಮಾಡಿದರಾಯಿತು, ಪ್ರಸಾರದ ವಿಳಾಸ ಬದಲಾಗುವವರೆಗೆ.

ಧ್ವನಿಯನ್ನು ತಿದ್ದಬೇಕಾದವರು, ಹಳೆಯ ಮುದ್ರಣದ ಬೇಡದ ಸದ್ದನ್ನು ತೆಗೆಯಬೇಕಾದವರು ಆಡಾಸಿಟಿಯನ್ನು ಇಟ್ಟುಕೊಳ್ಳಲಿ. ಆದರೆ ಮೂಲವನ್ನು ಎಫ್‌ಎಫ್‌ಎಂಪೆಗ್‌ನಲ್ಲಿ ಇಳಿಸಿ, ತಿದ್ದುವುದನ್ನು ಅದರ ಪ್ರತಿಯ ಮೇಲಷ್ಟೇ ಮಾಡಲಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 39ನೆಯ ಕಲಮು ಸ್ವಂತ ಬಳಕೆಗೆ ಅಥವಾ ಪ್ರಾಮಾಣಿಕ ಬೋಧನೆ, ಸಂಶೋಧನೆಗಳಿಗೆ ಮಾಡಿಕೊಂಡ ಧ್ವನಿಮುದ್ರಣವನ್ನು ಪ್ರಸಾರ ಸಂಸ್ಥೆಯ ಮತ್ತು ಕಲಾವಿದರ ಹಕ್ಕಿನ ಉಲ್ಲಂಘನೆಯೆಂದು ಎಣಿಸುವುದಿಲ್ಲ. ಅದನ್ನು ಯೂಟ್ಯೂಬಿಗೆ ಏರಿಸುವುದಕ್ಕೆ ಈ ರಿಯಾಯಿತಿ ಅನ್ವಯಿಸದು.