ಸ್ಟ್ಯಾಟ್-1 ಪಾಲಿಕ್ಲೋನಲ್: ಮೊದಲ ವಯಲ್‌ಗೆ ಐದು ಸ್ಟಾರ್, ಎರಡನೆಯದಕ್ಕೆ ಎರಡು

ಮನುಷ್ಯರ ಕೋಶದೊಳಗಿನ ಸ್ಟ್ಯಾಟ್-1 ಎಂಬ ಪ್ರೋಟೀನನ್ನು ಹಿಡಿಯುವ ಮೊಲದ ಪಾಲಿಕ್ಲೋನಲ್ ಆ್ಯಂಟಿಬಾಡಿ ಇದು. ಡೇಟಾಶೀಟ್ ನೀವು ನೋಡಿಯೇ ಇರ್ತೀರಿ, ಅದನ್ನು ಬಿಡುತ್ತೇನೆ. ದೇರಳಕಟ್ಟೆಯ ನಮ್ಮ ಪುಟ್ಟ ಲ್ಯಾಬ್‌ನಲ್ಲಿ ಇದನ್ನು ವೆಸ್ಟರ್ನ್ ಬ್ಲಾಟ್‌ಗೆ (ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ, ಮೆಂಬ್ರೇನ್ ಎಂಬ ಹಾಳೆಗೆ ಇಳಿಸಿ, ಬೇಕಾದ್ದನ್ನು ಆ್ಯಂಟಿಬಾಡಿಯಿಂದ ಗೆರೆಯಾಗಿ ನೋಡುವ ವಿಧಾನ) ಮಾತ್ರ ಬಳಸಿದ್ದೇವೆ. ಫ್ಲೋ ಸೈಟೊಮೆಟ್ರಿ (ಕೋಶಗಳನ್ನು ಒಂದೊಂದಾಗಿ ಅಳೆಯುವ ವಿಧಾನ) ಮಾಡುವವರು ನನ್ನ ಮಾತು ನಂಬಿ ಆರ್ಡರ್ ಹಾಕಬೇಡಿ.

ಮೊದಲ ವಯಲ್ ಅಂದ್ರೆ ಚಿನ್ನ. ಟಿಎಚ್‌ಪಿ-1 ಎಂಬ ಮನುಷ್ಯರ ಕೋಶಗಳಿಗೆ ಇಂಟರ್‌ಫೆರಾನ್ ಗಾಮಾ ಎಂಬ ಸಂಕೇತ ಪ್ರೋಟೀನ್ ಕೊಟ್ಟು, ಅವುಗಳ ಲೈಸೇಟ್ (ಕೋಶ ಒಡೆದು ತೆಗೆದ ರಸ) ಓಡಿಸಿದರೆ ಸ್ಟ್ಯಾಟ್-1ರ ಎರಡು ರೂಪಗಳೂ ಕಾಣುತ್ತವೆ: 91 ಕಿಲೋಡಾಲ್ಟನ್ (ಪ್ರೋಟೀನ್ ತೂಕದ ಅಳತೆ) ಹತ್ತಿರ ಆಲ್ಫಾ, ಅದರ ಕೆಳಗೇ 84ರ ಹತ್ತಿರ ಬೀಟಾ. ಎರಡೇ ಗೆರೆ, ಹಿನ್ನೆಲೆ ಶುಭ್ರ.

ಇದರ ಜೊತೆ ನಮಗೊಂದು ಸಂಜೆಯ ಕ್ರಮವೇ ಆಗಿಹೋಗಿತ್ತು. ಟ್ರಾನ್ಸ್‌ಫರ್ ಮುಗಿದ ಮೇಲೆ ಪೊನ್ಸೊ ಎಂಬ ಕೆಂಪು ಬಣ್ಣ ಹಾಕಿ, ಮೆಂಬ್ರೇನ್ ಮೇಲೆ ಕೆಂಪು ಲೇನ್‌ಗಳು ಸಮ ಬಂದಿವೆಯಾ ಅಂತ ನೋಡುವುದು. ಬ್ಲಾಕಿಂಗ್‌ಗೆ (ಮೆಂಬ್ರೇನ್‌ನ ಖಾಲಿ ಜಾಗ ಮುಚ್ಚಲು) ಕೆನೆ ತೆಗೆದ ಹಾಲಿನ ಪುಡಿ, ಗಂಟು ಉಳಿಯದ ಹಾಗೆ ಕಲಸಬೇಕು. ಪ್ರೈಮರಿಯನ್ನು, ಅಂದರೆ ಈ ಆ್ಯಂಟಿಬಾಡಿಯನ್ನು, ಮಾತ್ರ ಬಿಎಸ್‌ಎ ಎಂಬ ದನದ ರಕ್ತದ ಪ್ರೋಟೀನ್ ದ್ರಾವಣದಲ್ಲಿ 1:1000, ರಾತ್ರಿಯಿಡೀ 4 ಡಿಗ್ರಿಯಲ್ಲಿ ರಾಕರ್ ಮೇಲೆ. ಬೆಳಗ್ಗೆ ಬಂದವರು ಆ ದ್ರಾವಣವನ್ನು ಚೆಲ್ಲದೆ ಟ್ಯೂಬಿಗೆ ವಾಪಸ್ ಎಳೆದು, ಕೆಡದ ಹಾಗೆ ಚೂರು ಸೋಡಿಯಂ ಅಝೈಡ್ ಹಾಕಿ, ತಾರೀಖು ಬರೆದು ಫ್ರಿಜ್‌ನಲ್ಲಿ ಇಡುತ್ತಾರೆ. ಹಾಲಿನಲ್ಲಿ ಮಾಡಿದ್ದು ಹೀಗೆ ಉಳಿಯುವುದಿಲ್ಲ, ಬೇಗ ಕೆಡುತ್ತದೆ. ಪ್ರೈಮರಿಯನ್ನು ಹಿಡಿದು ಗೆರೆ ತೋರಿಸುವ ಎರಡನೇ ಆ್ಯಂಟಿಬಾಡಿಗೆ, ಅಂದರೆ ಎಚ್‌ಆರ್‌ಪಿ ಕಿಣ್ವ ಅಂಟಿಸಿದ ಸೆಕೆಂಡರಿಗೆ, ಅಝೈಡ್ ತಾಗಿಸಬೇಡಿ, ಕಿಣ್ವ ಕೆಲಸ ನಿಲ್ಲಿಸುತ್ತದೆ. ಒಂದೇ ಪ್ರೈಮರಿ ಮತ್ತೆ ಮತ್ತೆ ದುಡಿಯಿತು. ಗ್ರಾಂಟ್ ಹಣ ಯಾವಾಗ ಬರುತ್ತದೋ ಗೊತ್ತಿಲ್ಲದ ನಮ್ಮಂಥವರಿಗೆ ಇದಕ್ಕಿಂತ ಇನ್ನೇನು ಬೇಕು ಹೇಳಿ.

ಆಮೇಲೆ ಎರಡನೇ ವಯಲ್ ತರಿಸಿದೆವು. ಕ್ಯಾಟಲಾಗ್ ನಂಬರ್ ಅದೇ, ಲಾಟ್ (ತಯಾರಿಕೆಯ ಬ್ಯಾಚ್) ನಂಬರ್ ಬೇರೆ.

ಮೊದಲ ಬ್ಲಾಟ್‌ನಲ್ಲೇ 60ರ ಆಸುಪಾಸಿನಲ್ಲಿ ದಪ್ಪನೆಯ ಇನ್ನೊಂದು ಗೆರೆ. ಬೀಟಾ ಮಂಕು. "ಎಂತ ಮಾರಾಯ್ರೆ, ಈ ಮೂರನೇದು ಎಲ್ಲಿಂದ ಬಂತು?" ಅಂದ್ರು ನಮ್ಮ ಟೆಕ್ನಿಷಿಯನ್. ಪ್ರೈಮರಿ ಬಿಟ್ಟು ಬರೀ ಸೆಕೆಂಡರಿ ಹಾಕಿದರೆ ಮೆಂಬ್ರೇನ್ ಖಾಲಿ. ಉಳಿದಿದ್ದ ಹಳೇ ಲಾಟ್ ಅನ್ನು ಅದೇ ಲೈಸೇಟ್ ಮೇಲೆ ಪಕ್ಕದಲ್ಲೇ ಓಡಿಸಿದರೆ ಎರಡೇ ಗೆರೆ. ಅಲ್ಲಿಗೆ ಕಳ್ಳ ಯಾರು ಅಂತ ಗೊತ್ತಾಯಿತು. ಕೊರಿಯರ್‌ನವರನ್ನು ಬೈಯುವ ಹಾಗೂ ಇಲ್ಲ. ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದು, ಜೆಲ್ ಪ್ಯಾಕ್ ಪೂರ್ತಿ ಕರಗಿ ತಡವಾಗಿ ಬಂದದ್ದು ಮೊದಲ ವಯಲ್. ಎರಡನೆಯದು ಬೇಸಿಗೆಯಲ್ಲಿ ತಣ್ಣಗೆ ಬಂದಿತ್ತು!

ವಿಷಯ ಇಷ್ಟೇ. ಪಾಲಿಕ್ಲೋನಲ್ ಅಂದರೆ ಮೊಲದ ರಕ್ತದಲ್ಲಿ ಹುಟ್ಟಿದ ಹಲವು ಆ್ಯಂಟಿಬಾಡಿಗಳ ಮಿಶ್ರಣ. ಆ ಸೀರಮ್ ಮುಗಿದರೆ ಇನ್ನೊಂದು ಮೊಲ, ಇನ್ನೊಂದು ಮಿಶ್ರಣ. ಅದನ್ನು ಪರೀಕ್ಷಿಸಿ, ಹಳೇ ಲಾಟ್‌ಗೆ ಹೋಲಿಸಿ ಮಾರುವುದು ಕಂಪನಿಯ ಕೆಲಸ ಅಲ್ವಾ? ನಮ್ಮ ಎರಡೂ ಬ್ಲಾಟ್ ಕಳಿಸಿದ್ದಕ್ಕೆ ಬಂದ ಉತ್ತರ: ನಿಮ್ಮ ಲ್ಯಾಬ್‌ನಲ್ಲಿ ಆಪ್ಟಿಮೈಸ್ ಮಾಡಿಕೊಳ್ಳಿ. ಮಾಡಿದೆವು. 1:3000ಕ್ಕೆ ಇಳಿಸಿದರೆ ಆ ಗೆರೆ ತೆಳುವಾಗುತ್ತದೆ, ಜೊತೆಗೆ ಬೀಟಾ ಮಾಯ. ಆ ಗೆರೆ ಕತ್ತರಿಸಿ ಉಳಿದದ್ದನ್ನು ತೋರಿಸೋಣ ಅಂದರೆ ಈಗ ಎಷ್ಟೋ ಜರ್ನಲ್‌ಗಳು ಇಡೀ ಬ್ಲಾಟ್ ಕೇಳುತ್ತವೆ.

ಆಲ್ಫಾ ಒಂದನ್ನೇ ನೋಡುವವರಿಗೆ, ಕೈಯಲ್ಲಿ ದುಡ್ಡು ಕಡಿಮೆ ಇದ್ದವರಿಗೆ ಈಗಲೂ ನಡೆಯುತ್ತದೆ. ತಗೊಳ್ಳುವುದಾದರೆ ಡೀಲರ್ ಹತ್ತಿರ ಲಾಟ್ ನಂಬರ್ ಮೊದಲೇ ಕೇಳಿ, ಒಂದೇ ಲಾಟ್‌ನ ಎರಡು ವಯಲ್ ಒಟ್ಟಿಗೆ ತರಿಸಿ. 50% ಗ್ಲಿಸರಾಲ್ ಉಂಟು, ಮೈನಸ್ 20ರಲ್ಲಿ ಗಟ್ಟಿಯಾಗುವುದಿಲ್ಲ, ಚಿಕ್ಕ ಚಿಕ್ಕ ಟ್ಯೂಬಿಗೆ ಹಂಚುವ ರಗಳೆ ಇಲ್ಲ. ನಾವು ಮುಂದಿನ ಸಲ ರಿಕಾಂಬಿನೆಂಟ್ ಮಾನೋಕ್ಲೋನಲ್ (ಒಂದೇ ಬಗೆಯ ಆ್ಯಂಟಿಬಾಡಿ, ಮಿಶ್ರಣ ಅಲ್ಲ) ತರಿಸುತ್ತಿದ್ದೇವೆ. ರೇಟು ಜಾಸ್ತಿ. ಆದರೆ ಅದು ಗೊತ್ತಿರುವ ಜೀನ್ ಸೀಕ್ವೆನ್ಸ್‌ನಿಂದ ಮಾಡಿದ್ದು, ಮೊಲ ಬದಲಾಗುವ ಪ್ರಶ್ನೆ ಇಲ್ಲ. ಎರಡನೇ ವಯಲ್ ಎಂಎಸ್ಸಿ ಮಕ್ಕಳಿಗೆ ಬ್ಲಾಟ್ ಕಲಿಸಲು ಹೋಗಿದೆ.